ಹೊಲದ ಟಿಪ್ಪಣಿ: ನುಸಿಯನ್ನೇ ತಿನ್ನೋ ನುಸಿ

ಈ ವಾರ ಮೂರು ಜನ ಬೀನ್ಸ್ ಎಲೆ ಫೋಟೋ ಕಳಿಸಿದ್ದೀರಿ. ಒಬ್ಬರು ಬದನೆ, ಇನ್ನೊಬ್ಬರು ಚೆಂಡು ಹೂವಿನ ಗಿಡ. ಎಲ್ಲದರಲ್ಲೂ ಒಂದೇ ಕಥೆ. ಎಲೆ ಮೇಲೆ ರವೆ ಉದುರಿಸಿದ ಹಾಗೆ ಸಣ್ಣ ಸಣ್ಣ ಬಿಳಿ ಚುಕ್ಕೆ, ಅಂಚು ತಾಮ್ರದ ಬಣ್ಣ, ಕೆಳಗಡೆ ತೆಳ್ಳನೆ ಬಲೆ. ಪ್ರಶ್ನೆನೂ ಒಂದೇ: "ಅಣ್ಣ, ಯಾವ ಔಷಧಿ ಹೊಡೀಲಿ?" ಔಷಧಿ ವಿಷಯ ಆಮೇಲೆ ಹೇಳ್ತೀನಿ. ಅದಕ್ಕೂ ಮೊದಲು ಎಲೆ ತಿರುಗಿಸಿ ನೋಡಿ ಅಂತ ಹೇಳೋಕೆ ಈ ಬರಹ. ಸ್ವಲ್ಪ ಉದ್ದ ಆಗುತ್ತೆ. ಕರೆಂಟ್ ಬರೋ ತನಕ ಬೋರಿನ ಹತ್ರ ಕೂತ್ಕೊಂಡು ಓದಿ.

ಆ ಚುಕ್ಕೆ ಮಾಡೋದು ಕೆಂಪು ನುಸಿ. ಅಂಗಡಿಯವರು ಮೈಟ್ಸ್ ಅಂತಾರೆ, ಪುಸ್ತಕದಲ್ಲಿ ಕೆಂಪು ಜೇಡ ನುಸಿ ಅಂತ ಇರುತ್ತೆ. ಇದು ಆರು ಕಾಲಿನ ಕೀಟಗಳ ಜಾತಿಗೆ ಸೇರಿದ್ದಲ್ಲ. ಎಂಟು ಕಾಲಿನದು, ಜೇಡ, ಚೇಳು, ದನದ ಮೈಗೆ ಕಚ್ಚಿಕೊಳ್ಳೋ ಉಣ್ಣೆ, ಇವುಗಳ ಬಳಗ. ಎಲೆ ಕೆಳಗೆ ಕೂತು ಸೂಜಿಯಂಥ ಬಾಯಿಂದ ಚುಚ್ಚಿ ಚುಚ್ಚಿ ಹಸಿರು ಹೀರುತ್ತೆ. ಖಾಲಿಯಾದ ಜಾಗವೇ ನಮಗೆ ಮೇಲಿಂದ ಬಿಳಿ ಚುಕ್ಕೆಯಾಗಿ ಕಾಣೋದು. ಶಿವರಾತ್ರಿ ಕಳೆದು ಬಿಸಿಲು ಏರಿತು ಅಂದ್ರೆ ಮೊಟ್ಟೆಯಿಂದ ಬೆಳೆದು ತಾನೇ ಮೊಟ್ಟೆ ಇಡೋಕೆ ಒಂದು ವಾರದಿಂದ ಹತ್ತು ದಿನ ಸಾಕು ಇದಕ್ಕೆ. ಒಂದು ಹೆಣ್ಣು ನೂರರ ಆಸುಪಾಸು ಮೊಟ್ಟೆ ಇಡುತ್ತೆ. ಗಂಡು ಸಿಗದೇ ಇದ್ರೂ ನಿಲ್ಲಲ್ಲ. ಗಂಡಿನ ಸಂಗ ಇಲ್ಲದ ಮೊಟ್ಟೆಯಿಂದ ಬರೀ ಗಂಡು ಹುಟ್ಟುತ್ತವೆ, ಅಲ್ಲಿಂದ ಸಂಸಾರ ಶುರು. ಹಾಗಾಗಿ ನೂಲು ಬಿಟ್ಟುಕೊಂಡು ಗಾಳಿಗೆ ಒಂದು ಹೆಣ್ಣು ತೇಲಿ ಬಂದು ಬಿದ್ರೂ ಸಾಕು. ಸಾವಿರಕ್ಕೂ ಹೆಚ್ಚು ಜಾತಿ ಗಿಡದ ಮೇಲೆ ಬದುಕುತ್ತೆ. ಲೋಕದ ಬೇರೆ ಬೇರೆ ಕಡೆ ಸೇರಿ 90ಕ್ಕೂ ಹೆಚ್ಚು ಔಷಧಿಗಳಿಗೆ ಜಗ್ಗದೆ ನಿಂತಿರೋ ಪ್ರಾಣಿ ಇದು. ನಮ್ಮ ಕೈಲಿರೋ ಕ್ಯಾನು ನೋಡಿ ಹೆದರೋದಿಲ್ಲ.

ಈಗ ಇದನ್ನ ತಿನ್ನೋದರ ಬಗ್ಗೆ. ಅದೂ ನುಸಿಯೇ.

ನನ್ನ ತಂಗಿ ಮಗ ಕೃಷಿ ಬಿ.ಎಸ್ಸಿ. ಓದ್ತಾನೆ. ಸಂಕ್ರಾಂತಿ ರಜೆಗೆ ಬಂದವನು ಅಕ್ಕಸಾಲಿಗರು ಕಣ್ಣಿಗೆ ಹಿಡಿಯೋ ಥರದ ಹತ್ತು ಪಟ್ಟಿನ ಲೆನ್ಸ್ ಒಂದನ್ನ ಬಿಟ್ಟು ಹೋದ. ಅದರಲ್ಲಿ ಬೀನ್ಸ್ ಎಲೆಯ ಕೆಳಭಾಗ ನೋಡಿದ್ರೆ ಒಂದು ಊರೇ ಕಾಣುತ್ತೆ. ಕೆಂಪು ನುಸಿ ದುಂಡಗೆ, ಮೈಮೇಲೆ ಎರಡು ಕಪ್ಪು ಮಚ್ಚೆ, ನಡೆಯೋದು ನಿಧಾನ, ಬಹಳ ಹೊತ್ತು ಕೂತಲ್ಲೇ ಕೂತಿರುತ್ತೆ. ಅದರ ಮೊಟ್ಟೆ ಗುಂಡಗೆ ಮುತ್ತಿನ ಥರ. ಇವುಗಳ ಮಧ್ಯೆ ಒಂದು ಮಾತ್ರ ಓಡಾಡ್ತಾ ಇರುತ್ತೆ. ಮಚ್ಚೆ ಇಲ್ಲ, ಮೈ ನುಣುಪಾಗಿ ಹೊಳೆಯುತ್ತೆ, ಆಕಾರ ಸೀಬೆಹಣ್ಣಿನ ಹಾಗೆ, ಮುಂದಿನ ಎರಡು ಕಾಲು ಎತ್ತಿ ಕುರುಡರು ಕೋಲು ಆಡಿಸಿದಂತೆ ಆಡಿಸ್ಕೊಂಡು ಹೋಗ್ತಾ ಇರುತ್ತೆ. ಕುರುಡೇ ಅದು, ಕಣ್ಣೇ ಇಲ್ಲ. ಗಾತ್ರ ರಾಗಿ ಕಾಳಿನ ಮೂರರಲ್ಲಿ ಒಂದು ಪಾಲು. ಹೊಟ್ಟೆ ಖಾಲಿ ಇದ್ರೆ ಮಬ್ಬು ಬಿಳಿ, ಕೆಂಪು ನುಸಿ ತಿಂದಿದ್ರೆ ಮೈಯೊಳಗೆ ಕೆಂಪು ಕಾಣುತ್ತೆ. ಅದಕ್ಕೇ ಬಣ್ಣ ನೋಡಿ ಗುರುತಿಸೋಕೆ ಹೋಗಬೇಡಿ, ಓಟ ನೋಡಿ. ಅದರ ಮೊಟ್ಟೆನೂ ಬೇರೆ: ಸ್ವಲ್ಪ ದೊಡ್ಡದು, ಉದ್ದುದ್ದ, ಎಲೆಯ ನರದ ಪಕ್ಕ ಕೂದಲಿಗೆ ಅಂಟಿಸಿರುತ್ತೆ.

ಲೆನ್ಸ್ ಇಲ್ಲದವರು ಒಂದು ಕೆಲಸ ಮಾಡಿ. ಬಿಳಿ ಹಾಳೆ ಮೇಲೆ ಎಲೆನ ಎರಡು ಸಲ ತಟ್ಟಿ. ಬಿದ್ದ ಚುಕ್ಕೆಗಳಲ್ಲಿ ನೆಟ್ಟಗೆ ಓಡೋದು ಇದ್ರೆ ಅದೇ ಇರಬಹುದು ಅಂತ ಅನುಮಾನ ಪಡಿ. ಖಾತ್ರಿ ಮಾಡ್ಕೊಳ್ಳೋಕೆ ಮಾತ್ರ ಲೆನ್ಸೇ ಬೇಕು.

ನಮ್ಮ ಸೀಮೆಯಲ್ಲಿ ಕೆಂಪು ನುಸಿ ಬಲೆಯೊಳಗೆ ಸಾಮಾನ್ಯವಾಗಿ ಸಿಗೋದು ನಿಯೋಸೀಯುಲಸ್ ಲಾಂಜಿಸ್ಪೈನೋಸಸ್ ಅನ್ನೋ ಜಾತಿ. ಹೆಸರು ಕೇಳಿ ಗಾಬರಿ ಬೇಡ, ಉದ್ದ ಮುಳ್ಳಿನದು ಅಂತ ಅರ್ಥ. ಬೆನ್ನ ಮೇಲೆ ಉದ್ದುದ್ದ ಕೂದಲು ಇರುತ್ತೆ. ಬೇರೆ ಚಿಕ್ಕ ಹುಳಗಳಿಗೆ ಕೆಂಪು ನುಸಿ ಬಲೆ ಅಂದ್ರೆ ಮುಳ್ಳುತಂತಿ ಬೇಲಿ ಇದ್ದಂಗೆ. ಇದು ಅದರೊಳಗೆ ತನ್ನ ಮನೆ ಹಜಾರದ ಥರ ಓಡಾಡುತ್ತೆ. ಇದು ಯಾವುದೇ ಕಂಪನಿ ತಂದು ಬಿಟ್ಟಿದ್ದಲ್ಲ, ಇಲ್ಲೇ ಇರೋದು. ನುಸಿಗಳ ಬಗ್ಗೆ ನಮ್ಮ ರಾಜ್ಯದಲ್ಲಿ ಓದಿಗೆ ಬುನಾದಿ ಹಾಕಿದವರು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜಿ.ಪಿ. ಚನ್ನಬಸವಣ್ಣನವರು. 1986ರಲ್ಲಿ ಲೋಕದ ನುಸಿ ವಿಜ್ಞಾನಿಗಳ ಏಳನೇ ಸಮ್ಮೇಳನ ಬೆಂಗಳೂರಲ್ಲೇ ನಡೀತು. ಅಷ್ಟು ಹತ್ತಿರ ಇದ್ದ ವಿದ್ಯೆ ನಮ್ಮ ಹಂಪಾಪುರದ ಹೊಲಕ್ಕೆ ಬರೋಕೆ ಒಬ್ಬ ಹುಡುಗ ಲೆನ್ಸ್ ಮರೆತು ಹೋಗಬೇಕಾಯ್ತು ನೋಡಿ.

ತಿನ್ನೋದು ಹೇಗೆ ಅಂತ ನೋಡಬೇಕು ಅಂತಲೇ ಒಂದು ಮಧ್ಯಾಹ್ನ ಹೊಂಗೆ ಮರದ ಕೆಳಗೆ ಎಲೆ ಹಿಡಿದು ಕೂತೆ. ಓಡ್ತಾ ಓಡ್ತಾ ಮುಂಗಾಲಿಗೆ ಒಂದು ಮೊಟ್ಟೆ ತಗುಲಿತು. ನಿಂತಿತು. ಮುಂಗಾಲಿಂದ ಎರಡು ಸಲ ಸವರಿ ನೋಡಿತು. ಆಮೇಲೆ ಮೊಟ್ಟೆಗೆ ಬಾಯಿ ಹಾಕಿ ಅಲ್ಲಾಡದೆ ನಿಂತ್ಕೊಳ್ತು. ಬಾಯಲ್ಲಿ ಸಣ್ಣ ಇಕ್ಕಳದಂಥ ಎರಡು ಕೊಂಡಿ ಇರ್ತವಂತೆ, ಅದರಿಂದ ಚುಚ್ಚಿ ಒಳಗಿನ ರಸ ಹೀರೋದು. ಮುತ್ತಿನ ಹಾಗಿದ್ದ ಮೊಟ್ಟೆ ನೋಡ್ತಾ ನೋಡ್ತಾ ಕುಗ್ಗಿ ಈರುಳ್ಳಿ ಸಿಪ್ಪೆ ಥರ ಆಯ್ತು. ಅದನ್ನ ಅಲ್ಲೇ ಬಿಟ್ಟು ಮತ್ತೆ ಓಟ. ದೊಡ್ಡ ನುಸಿಗಿಂತ ಮೊಟ್ಟೆ, ಮರಿ ಅಂದ್ರೆ ಅದಕ್ಕೆ ಇಷ್ಟ. ದೊಡ್ಡದು ಸಿಕ್ಕಿದ್ರೆ ಕಾಲಿಗೋ ಪಕ್ಕೆಗೋ ಕಚ್ಚಿ ಹಿಡ್ಕೊಳ್ಳುತ್ತೆ, ಅದು ಒದ್ದಾಡಿ ಸುಮ್ಮನಾಗೋ ತನಕ ಬಿಡಲ್ಲ. ಮೊಟ್ಟೆ ಇಡೋ ಹೆಣ್ಣು ದಿನಕ್ಕೆ ಹತ್ತಿಪ್ಪತ್ತು ಮೊಟ್ಟೆ ತಿನ್ನುತ್ತೆ. ತಿಂದಷ್ಟೂ ಮೊಟ್ಟೆ ಇಡುತ್ತೆ, ದಿನಕ್ಕೆ ಎರಡೋ ಮೂರೋ. ತಿನ್ನೋಕೆ ಇಲ್ಲ ಅಂದ್ರೆ ಮೊಟ್ಟೆ ನಿಲ್ಲಿಸುತ್ತೆ. ತೀರಾ ಹಸಿದ್ರೆ ತಮ್ಮ ಜಾತಿ ಮರಿಗಳನ್ನೇ ತಿನ್ನೋದೂ ಉಂಟು.

ಕಣ್ಣಿಲ್ಲದ್ದು ಅಷ್ಟು ದೊಡ್ಡ ಹೊಲದಲ್ಲಿ ನುಸಿ ಬಿದ್ದ ಗಿಡವನ್ನೇ ಹೇಗೆ ಹುಡುಕುತ್ತೆ ಅಂತ ನನಗೆ ಆಶ್ಚರ್ಯ ಆಗಿತ್ತು. ಹುಡುಗ ಫೋನಲ್ಲಿ ವಿವರಿಸಿದ. ನೆದರ್ಲೆಂಡ್ಸ್‌ನಲ್ಲಿ ಮಾರ್ಸೆಲ್ ಡಿಕೆ, ಮಾರಿಸ್ ಸಬೆಲಿಸ್ ಅನ್ನೋ ಇಬ್ಬರು 1980ರ ದಶಕದಲ್ಲಿ ಪರೀಕ್ಷೆ ಮಾಡಿದ್ರಂತೆ, ಅದೂ ನಮ್ಮ ಡಬಲ್ ಬೀನ್ಸ್ ಗಿಡದ ಮೇಲೆ. ಕವಲೊಡೆದ ಗಾಜಿನ ಕೊಳವೆಯ ಒಂದು ಕವಲಿಂದ ಚೆನ್ನಾಗಿರೋ ಎಲೆಯ ಗಾಳಿ, ಇನ್ನೊಂದರಿಂದ ನುಸಿ ಕಚ್ಚಿದ ಎಲೆಯ ಗಾಳಿ ಬಿಟ್ರು. ತಿನ್ನೋ ನುಸಿಗಳು ಹೆಚ್ಚಾಗಿ ಹೋಗಿದ್ದು ಕಚ್ಚಿಸಿಕೊಂಡ ಎಲೆ ಕಡೆಗೆ. ನುಸಿ ಕಚ್ಚಿದಾಗ ಗಿಡ ಬೇರೆಯದೇ ಒಂದು ವಾಸನೆ ಬಿಡುತ್ತೆ, ಇವು ಆ ವಾಸನೆ ಹಿಡಿದು ಬರ್ತವೆ. ಬಂದ ಮೇಲೆ ಬಲೆ ಕಾಲಿಗೆ ತಗುಲಿದ್ರೆ ಅಲ್ಲಿಂದ ಕದಲಲ್ಲ, ಆ ಜಾಗ ಖಾಲಿ ಮಾಡಿಯೇ ಮುಂದೆ ಹೋಗೋದು.

ಇಷ್ಟೆಲ್ಲ ಇದ್ದೂ ನಮ್ಮ ಬೆಳೆ ಯಾಕೆ ಹಾಳಾಗುತ್ತೆ ಅಂತ ಕೇಳ್ತೀರಿ. ಕಾರಣ ಇದು: ತಿನ್ನೋದು ಯಾವಾಗ್ಲೂ ಹಿಂದೆ ಬರುತ್ತೆ. ಊಟ ಇಲ್ಲದ ಕಡೆ ಅದು ಮೊದಲೇ ಬಂದು ಕಾಯ್ತಾ ಕೂರೋಕೆ ಆಗಲ್ಲ. ಕೆಂಪು ನುಸಿ ಏರಿದ ಮೇಲೆ ಇದು ಏರುತ್ತೆ. ಆ ಮಧ್ಯದ ಎಂಟು ಹತ್ತು ದಿನ ಇದೆಯಲ್ಲ, ರೈತನ ಪ್ರಾಣ ಹಿಂಡೋದು ಆಗ.

ನನ್ನ ಅರ್ಧ ಎಕರೆ ಬೀನ್ಸ್‌ನ ಲೆಕ್ಕ ಹೇಳ್ತೀನಿ. ಫೆಬ್ರವರಿ ಮೊದಲ ವಾರ ಬಿತ್ತಿದ್ದು. ಗಾಡಿ ದಾರಿ ಪಕ್ಕದ ಸಾಲಲ್ಲಿ ಮೊದಲು ಚುಕ್ಕೆ ಬಂತು. ಧೂಳು ಕೂರೋ ಸಾಲಲ್ಲೇ ಕೆಂಪು ನುಸಿ ಶುರುವಾಗೋದು ಹೆಚ್ಚು, ನೀವೂ ಗಮನಿಸಿರ್ತೀರಿ. ಅಲ್ಲಲ್ಲಿಂದ 20 ಎಲೆ ಕಿತ್ತು ಲೆನ್ಸ್ ಹಿಡಿದು ಎಣಿಸಿ, ಹಾಲಿನ ಡೈರಿ ಪುಸ್ತಕದ ಹಿಂದಿನ ಪುಟದಲ್ಲಿ ಬರ್ಕೊಂಡೆ. ಮಾರ್ಚ್ 3ಕ್ಕೆ ಎಲೆಗೆ ಸರಾಸರಿ 14 ಕೆಂಪು ನುಸಿ. ತಿನ್ನೋದು 20 ಎಲೆಗೂ ಸೇರಿ ಒಂದೇ ಒಂದು. ಮಾರ್ಚ್ 9ಕ್ಕೆ ಎಲೆಗೆ 31. ತಿನ್ನೋವು ಒಟ್ಟು 9.

ಆವತ್ತು ಸಂಜೆ ಮನೇಲಿ ಮಾತಾಯ್ತು. ನನ್ನ ಹೆಂಡತಿ ಬೀಜ, ಡ್ರಿಪ್ ಪೈಪಿಗೆ ಅಂತ ಮಹಿಳಾ ಸಂಘದಲ್ಲಿ ಸಾಲ ತೆಗೆದವಳು. ಪ್ರತಿ ವಾರ ಕಂತು ಕಟ್ಟೋದು ಅವಳ ಹೆಸರಲ್ಲಿ, ಒಂದು ವಾರ ತಪ್ಪಿದ್ರೆ ಉಳಿದ ಹೆಂಗಸರ ಮುಂದೆ ತಲೆ ತಗ್ಗಿಸಬೇಕಾದವಳೂ ಅವಳೇ. "ನೀವು ನುಸಿ ಎಣಿಸ್ಕಂಡು ಕೂತ್ಕಳಿ, ಸಂಘದ ಕಂತು ನುಸಿ ಬಂದು ಕಟ್ತದಾ?" ಅಂದ್ಲು. ನ್ಯಾಯವಾದ ಮಾತೇ. ನಾನು ಪುಸ್ತಕ ತೋರಿಸಿದೆ. ಕೆಂಪು ನುಸಿ ಆರು ದಿನದಲ್ಲಿ ಎರಡು ಪಟ್ಟು ಸ್ವಲ್ಪ ಮೇಲೆ ಆಗಿದೆ. ತಿನ್ನೋದು ಒಂದರಿಂದ ಒಂಬತ್ತು. ಇದು ಮೊಟ್ಟೆ ಇಡೋದು ಕಡಿಮೆ ಇರಬಹುದು, ಆದ್ರೆ ಈ ಬಿಸಿಲಲ್ಲಿ ಮೊಟ್ಟೆಯಿಂದ ದೊಡ್ಡದಾಗೋಕೆ ಇದಕ್ಕೆ ಐದಾರು ದಿನ ಸಾಕು, ಕೆಂಪು ನುಸಿಗೆ ಅದಕ್ಕಿಂತ ಹೆಚ್ಚು ಬೇಕು. ಇನ್ನು ಐದು ದಿನ ಕೊಡು, ಹದಿನಾಲ್ಕಕ್ಕೆ ಎಣಿಸ್ತೀನಿ, ತಿನ್ನೋವು ಏರದೇ ಇದ್ರೆ ಹದಿನೈದಕ್ಕೆ ಔಷಧಿ ಹೊಡೆಯೋಣ ಅಂತ ಮಾತಾಯ್ತು. ಹೊರದೇಶದ ಹಣ್ಣಿನ ಬೆಳೆಗಳಲ್ಲಿ ಹತ್ತು ಕೆಂಪು ನುಸಿಗೆ ಒಂದು ತಿನ್ನೋ ನುಸಿ ಇದ್ರೆ ಔಷಧಿ ಕೈ ಬಿಡಬಹುದು ಅನ್ನೋ ಒಂದು ಅಂದಾಜು ಇದೆ. ನಾನು ಕಾಯ್ತಿದ್ದಿದ್ದು ಆ ಹತ್ತಕ್ಕೊಂದಕ್ಕೆ.

ಆ ಐದು ದಿನ ಸುಮ್ಮನೆ ಕೂರಲಿಲ್ಲ. ದಾರಿ ಪಕ್ಕದ ಎರಡು ಸಾಲಿಗೆ ಬೆಳಗ್ಗೆ ಬೆಳಗ್ಗೆ ಪೈಪಲ್ಲಿ ನೀರು ಹೊಡೆದೆ, ಎಲೆ ಕೆಳಗೆ ತಾಗೋ ಹಾಗೆ. ಧೂಳು ಹೋಗುತ್ತೆ, ಬಲೆ ಹರಿಯುತ್ತೆ, ಕೆಂಪು ನುಸಿ ಸುಮಾರು ಉದುರುತ್ತೆ. ಇನ್ನೊಂದು ಲಾಭ, ತಿನ್ನೋ ನುಸಿ ಮೊಟ್ಟೆಗೆ ತೇವ ಬೇಕು. ಗಾಳಿ ತೀರಾ ಒಣಗಿದ್ರೆ ಮೊಟ್ಟೆ ಸುಕ್ಕಿ ಹೋಗಿ ಮರಿ ಬರೋದೇ ಇಲ್ಲ. ಕೆಂಪು ನುಸಿಗೆ ಒಣ ಬಿಸಿಲೇ ಹಬ್ಬ. ಬೇಸಿಗೆಯಲ್ಲಿ ಅದು ಗೆಲ್ಲೋದು, ಮುಂಗಾರು ಹಿಡಿದ ಮೇಲೆ ಸೋಲೋದು ಇದಕ್ಕೇ. ಸಾಲಿನ ಮಧ್ಯೆ ಹುಲ್ಲು, ಅವರೆ ಸಿಪ್ಪೆ ಹಾಸಿದ್ದೂ ತೇವ ಹಿಡಿಯೋಕೆ ಅನುಕೂಲ ಆಯ್ತು.

ಹದಿನಾಲ್ಕಕ್ಕೆ ಎಣಿಸಿದಾಗ ಎಲೆಗೆ 26. ತಿನ್ನೋವು 20 ಎಲೆಗೆ 41. ಹತ್ತಕ್ಕೊಂದು ಪೂರ್ತಿ ಬಂದಿರಲಿಲ್ಲ, ಹದಿಮೂರಕ್ಕೊಂದು. ಆದ್ರೆ ಎಲೆ ನರದ ಪಕ್ಕ ಉದ್ದನೆ ಮೊಟ್ಟೆಗಳು ಬೇಕಾದಷ್ಟು ಇದ್ದವು. ಹೆಂಡತಿ ಕೈಗೇ ಲೆನ್ಸ್ ಕೊಟ್ಟೆ. ಬಹಳ ಹೊತ್ತು ನೋಡಿ "ಇದೇನು ಇಷ್ಟೊಂದ್ ಓಡ್ತದೆ" ಅಂದ್ಲು. ಅಷ್ಟೇ, ಔಷಧಿ ಮಾತು ಎತ್ತಲಿಲ್ಲ. ಮಾರ್ಚ್ 19ಕ್ಕೆ ಎಲೆಗೆ 7, ತಿನ್ನೋವು 50. ಮಾರ್ಚ್ 24ಕ್ಕೆ ಎಲೆಗೆ ಒಂದೋ ಎರಡೋ, ತಿನ್ನೋವು 22ಕ್ಕೆ ಇಳಿದಿದ್ದವು, ಮೈ ಬಿಳಚಿಕೊಂಡು ಹಸಿದು ಓಡಾಡ್ತಿದ್ದವು. ಸಾಸಿವೆ ಕಾಳಿಗಿಂತ ಚಿಕ್ಕದಾದ ಕಪ್ಪು ಗುಲಗಂಜಿ ಹುಳವೂ ಬಂದು ಸೇರ್ಕೊಂಡಿತ್ತು, ಅದೂ ನುಸಿ ತಿನ್ನೋದೇ. ನಷ್ಟ ಆಗಲಿಲ್ಲ ಅಂತಲ್ಲ. ದಾರಿ ಪಕ್ಕದ ಎರಡೂವರೆ ಸಾಲು ಸುಟ್ಟ ಹಾಗಾಗಿ ಕಾಯಿ ಸೊಟ್ಟ ಬಂತು, ಅದನ್ನ ಹಸುಗೆ ಹಾಕಿದೆ. ಉಳಿದದ್ದು ಮೂರು ಕೊಯ್ಲು ಆಗಿದೆ. ಕಂತು ಯಾವ ವಾರವೂ ತಪ್ಪಿಲ್ಲ.

ಪಕ್ಕದ ಹೊಲ ನಮ್ಮ ಚಿಕ್ಕಪ್ಪನ ಮಗಂದು. ಅವನದೂ ಬೀನ್ಸೇ, ಬಿತ್ತಿದ್ದು ನಾಲ್ಕು ದಿನ ಹಿಂದೆ ಮುಂದೆ. ಅವನು ಕಾಯಿಕೊರಕ ಬಂತು ಅಂತ ಹೂವಿನ ಹೊತ್ತಿಗೆ ಸೈಪರ್ಮೆಥ್ರಿನ್ ಹೊಡೆದಿದ್ದ. ಅದಾಗಿ ಹದಿನೈದು ದಿನಕ್ಕೆ ಅವನ ಹೊಲ ದೂರದಿಂದಲೇ ಕೆಂಪಗೆ ಕಾಣೋಕೆ ಶುರುವಾಯ್ತು. ಅವನನ್ನ ಆಡಿಕೊಳ್ಳೋಕೆ ಹೇಳ್ತಿಲ್ಲ. ಹುಳ ಕಂಡಾಗ ಯಾರಾದ್ರೂ ಮಾಡೋ ಕೆಲಸವೇ ಅದು, ಕಾಯಿಕೊರಕ ಸತ್ತಿದ್ದೂ ನಿಜ. ಆದ್ರೆ ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್, ಲ್ಯಾಂಬ್ಡಾ ಸೈಹಲೋತ್ರಿನ್ ಈ ಗುಂಪಿನ ಔಷಧಿಗಳು ಕೆಂಪು ನುಸಿಗೆ ಸರಿಯಾಗಿ ನಾಟಲ್ಲ, ತಿನ್ನೋ ನುಸಿಯನ್ನ ಮಾತ್ರ ಗುಡಿಸಿ ಹಾಕ್ತವೆ. ಕೆಂಪು ನುಸಿ ಬೇರೆ ಗಿಡಕ್ಕೆ ಚದುರಿ, ಕೇಳೋರಿಲ್ಲದ ಕಡೆ ಹೊಸ ಸಂಸಾರ ಹೂಡುತ್ತೆ. ಇದು ನಮ್ಮೂರಿನ ಹೊಸ ಕಥೆಯೇನೂ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಡಿಡಿಟಿ ಬಂತಲ್ಲ, ಆಗ ಅಮೆರಿಕ, ಯೂರೋಪಿನ ಸೇಬಿನ ತೋಟಗಳಲ್ಲಿ ಹೀಗೇ ಆಯ್ತು. ಅಲ್ಲಿ ತನಕ ಯಾರೂ ಲೆಕ್ಕಕ್ಕೇ ಇಡದಿದ್ದ ನುಸಿ ದೊಡ್ಡ ಪೀಡೆ ಆಗಿದ್ದು ಅದನ್ನ ತಿನ್ನೋವು ಸತ್ತ ಮೇಲೆ.

ಔಷಧಿ ಹೆಸರು ಹೇಳ್ತೀನಿ ಅಂದಿದ್ದೆ. ತಿನ್ನೋವು ಒಂದೂ ಕಾಣ್ತಿಲ್ಲ, ನುಸಿ ಸುಳಿ ತನಕ ಹತ್ತಿದೆ ಅಂದ್ರೆ ಹೊಡೀಲೇಬೇಕು, ಬೇಡ ಅನ್ನಲ್ಲ. ಆಗ ನುಸಿಗೆ ಅಂತಲೇ ಇರೋದನ್ನ ಕೇಳಿ: ಸ್ಪೈರೋಮೆಸಿಫೆನ್, ಫೆನಜಾಕ್ವಿನ್, ಪ್ರೊಪಾರ್ಗೈಟ್ ಇಂಥವು. ಡಬ್ಬಿ ಮೇಲಿನ ಚೀಟಿಯಲ್ಲಿ ನಿಮ್ಮ ಬೆಳೆ ಹೆಸರು ಇದೆಯಾ, ಹೊಡೆದು ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಓದಿಸ್ಕೊಂಡು ತಗೊಳ್ಳಿ. ನುಸಿ ಇರೋ ಸಾಲಿಗಷ್ಟೇ, ಎಲೆ ಕೆಳಗೆ ತಾಗೋ ಹಾಗೆ ಹೊಡೀರಿ. ಎರಡನೇ ಸಲ ಬೇಕಾದ್ರೆ ಬೇರೆ ಔಷಧಿ. ಮೂರು ನಾಲ್ಕು ಡಬ್ಬಿ ಒಟ್ಟಿಗೆ ಕಲಸಿ ಕೊಡೋ ಮಿಕ್ಸಿಂಗ್ ಮಾತ್ರ ಬೇಡ.

ಇಲ್ಲಿ ಒಂದು ಕಿತ್ತಳೆ ಹಣ್ಣಿನ ಕಥೆ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಕಾರ್ಲ್ ಹಫೇಕರ್ ಅನ್ನೋರು ತಟ್ಟೆಗಳಲ್ಲಿ ಕಿತ್ತಳೆ ಹಣ್ಣು ಜೋಡಿಸಿ, ಅದರ ಮೇಲೆ ಹಣ್ಣು ತಿನ್ನೋ ನುಸಿ ಬಿಟ್ರು, ಆಮೇಲೆ ಅದನ್ನ ತಿನ್ನೋ ನುಸಿ ಬಿಟ್ರು. 1958ರಲ್ಲಿ ಅದರ ವರದಿ ಬಂತು. ಹಣ್ಣುಗಳು ಸುಲಭವಾಗಿ ಸಿಗೋ ಹಾಗೆ ಇಟ್ಟಾಗ ಪ್ರತಿ ಸಲವೂ ಒಂದೇ ಫಲ: ತಿನ್ನೋದು ಎಲ್ಲವನ್ನೂ ತಿಂದು ಮುಗಿಸಿ, ಆಮೇಲೆ ತಾನೂ ಹಸಿದು ಸತ್ತು ಹೋಯ್ತು. ಆಗ ಅವರು ಹಣ್ಣುಗಳ ಮಧ್ಯೆ ವ್ಯಾಸಲೀನ್ ಬಳಿದು ಅಡ್ಡಗೋಡೆ ಮಾಡಿದ್ರು, ತಿನ್ನೋದು ಬೇಗ ದಾಟೋಕೆ ಆಗಬಾರದು ಅಂತ. ಹಣ್ಣಿನ ನುಸಿ ನೂಲು ಬಿಟ್ಟು ತೇಲಿ ಹೋಗೋಕೆ ಅಲ್ಲಲ್ಲಿ ಸಣ್ಣ ಕಡ್ಡಿ ನೆಟ್ಟು ಫ್ಯಾನ್ ಗಾಳಿ ಬಿಟ್ರು. ಆಗ ಎರಡೂ ಉಳಿದವು. ಒಂದು ಏರೋದು, ಹಿಂದೆ ಇನ್ನೊಂದು ಏರೋದು, ಮೊದಲನೇದು ಇಳಿಯೋದು, ಹಿಂದೆ ಇದೂ ಇಳಿಯೋದು. ಹೀಗೆ ಮೂರು ಸುತ್ತು ನಡೀತು. ನನ್ನ ಡೈರಿ ಪುಸ್ತಕದಲ್ಲಿರೋದು ಅದರಲ್ಲಿ ಒಂದು ಸುತ್ತು ಅಷ್ಟೇ.

ಮಾರ್ಚ್ 24ರ ಆ 22 ಹಸಿದ ನುಸಿಗಳು ಈಗ ಎಲ್ಲಿಗೆ ಹೋಗ್ತವೆ ಅನ್ನೋದು ನನ್ನ ಚಿಂತೆ. ಬೀನ್ಸ್ ಮುಗೀತು ಅಂತ ಗಿಡ ಕಿತ್ತು ಉತ್ತುಬಿಟ್ರೆ, ಮುಂದಿನ ಬೆಳೆಗೆ ಕೆಂಪು ನುಸಿ ಗಾಳೀಲಿ ಬಂದೇ ಬರುತ್ತೆ. ಇವು ಎಲ್ಲಿಂದ ಬರಬೇಕು? ಬಂದ್ರೂ ದೂರದಿಂದ, ತಡವಾಗಿ. ಹತ್ತಿರದಲ್ಲಿ ಉಳಿಯೋಕೆ ಒಂದು ಜಾಗ ಬೇಕು, ಅಲ್ಲಿ ಸ್ವಲ್ಪ ಊಟನೂ ಬೇಕು.

ನಮ್ಮ ತಾತನ ಕಾಲದಲ್ಲಿ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡ್ತಿದ್ದರಲ್ಲ, ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಹರಳು. ಅದರಲ್ಲಿ ಹರಳು ಗಿಡ ನೋಡಿ. ತಿನ್ನೋ ನುಸಿಗಳಲ್ಲಿ ಇನ್ನೊಂದು ಗುಂಪು ಇದೆ. ಬರೀ ನುಸಿಯನ್ನೇ ನಂಬಿಕೊಂಡವಲ್ಲ ಅವು, ಹೂವಿನ ಪರಾಗ ತಿಂದೂ ಬದುಕ್ತವೆ, ಮರಿ ಮಾಡ್ತವೆ. ಅವುಗಳಿಗೆ ಹರಳಿನ ಪರಾಗ ಅಂದ್ರೆ ಒಳ್ಳೆ ಮೇವು. ಲ್ಯಾಬುಗಳಲ್ಲಿ ಅವನ್ನ ಸಾಕೋದಕ್ಕೆ ಹರಳಿನ ಪರಾಗ ಬಳಸ್ತಾರೆ. ನೆದರ್ಲೆಂಡ್ಸ್‌ನ ಗಾಜಿನ ಮನೆಗಳಲ್ಲಿ 1990ರ ದಶಕದಲ್ಲಿ ದಪ್ಪ ಮೆಣಸಿನಕಾಯಿ ಬೆಳೆ ಮಧ್ಯೆ ಹರಳು ಗಿಡ ಇಟ್ಟು ನೋಡಿದ್ರು, ತಿನ್ನೋ ನುಸಿ ಅದರ ಮೇಲೆ ಬೆಳೆದು ಮೆಣಸಿನ ಗಿಡಕ್ಕೆ ಹೋಗಲಿ ಅಂತ. ನಮ್ಮಜ್ಜಿ ದೀಪದ ಎಣ್ಣೆಗೆ ಅಂತ ಹಾಕ್ತಿದ್ದ ಗಿಡ ಅದು. ಕಾಫಿ ಇರೋರು ಎಲೆ ಕೆಳಗೆ ನರ ಕವಲೊಡೆಯೋ ಮೂಲೆ ನೋಡಿ, ಸಣ್ಣ ಗುಳಿ ಇರುತ್ತೆ. ಇಂಥ ನುಸಿಗಳು ಅಡಗಿ ಕೂರೋ ಗೂಡು ಅದು, ಗಿಡವೇ ಕಟ್ಟಿ ಕೊಟ್ಟಿರೋದು. ಎಲ್ಲಾ ಗಿಡವೂ ಹೀಗೆ ಉಪಕಾರಿ ಅಲ್ಲ. ಟೊಮೆಟೊ, ಹೊಗೆಸೊಪ್ಪಿನ ಮೈಮೇಲೆ ಅಂಟು ಕೂದಲು ಇರುತ್ತಲ್ಲ, ಟೊಮೆಟೊ ಕಾಂಡ ಹತ್ತೋಕೆ ಹೋಗಿ ತಿನ್ನೋ ನುಸಿಗಳೇ ಅಂಟಿ ಸಾಯ್ತವೆ.

ತೆಂಗಿನವರು ನಮಗೇನು ಇದರಲ್ಲಿ ಅನ್ನಬೇಡಿ. ತೆಂಗಿನ ಕಾಯಿ ನುಸಿ ಕೇರಳದ ಎರ್ನಾಕುಲಂ ಕಡೆ 1998ರಲ್ಲಿ ಕಾಣಿಸಿಕೊಂಡು ನಮ್ಮ ಕಡೆಗೂ ಹಬ್ಬಿದ್ದು ನಿಮಗೆ ನೆನಪಿರುತ್ತೆ, ಕಾಯಿ ಮೇಲೆ ಕಂದು ಗಾಯ, ಸಿಪ್ಪೆ ಬಿಗಿದು, ಕಾಯಿ ಸಣ್ಣದಾಗಿ. ಅದು ಕೆಂಪು ನುಸಿಗಿಂತ ಬಹಳ ಚಿಕ್ಕದು, ಹುಳದಂತೆ ಉದ್ದಕ್ಕಿದ್ದು ನಾಲ್ಕೇ ಕಾಲು. ಎಳೆ ಕಾಯಿಯ ತೊಟ್ಟಿನ ಟೋಪಿ ಕೆಳಗೆ ಸೇರ್ಕೊಳ್ಳುತ್ತೆ. ಅದನ್ನ ತಿನ್ನೋ ನುಸಿನೂ ಇದೆ, ನಿಯೋಸೀಯುಲಸ್ ಬರಾಕಿ ಅಂತ, ಚಪ್ಪಟೆ ಮೈ, ಸಂದಿಗೆ ನುಗ್ಗೋಕೆ ಮಾಡಿದ ಹಾಗೆ. ಆದ್ರೂ ಮೊದಮೊದಲು ಸಂದಿ ಎಷ್ಟು ಬಿಗಿ ಇರುತ್ತೆ ಅಂದ್ರೆ ಪೀಡೆ ನುಸಿ ಮಾತ್ರ ಒಳಗೆ ಹೋಗುತ್ತೆ, ಇದಕ್ಕೆ ಬಾಗಿಲು ಸಿಗಲ್ಲ. ನುಸಿ ತಿಂದು ಗಾಯ ಆದಂತೆ ಸಂದಿ ಅಗಲ ಆಗುತ್ತೆ, ಆಗ ಇದು ಹೋಗುತ್ತೆ. ಅಲ್ಲೂ ಅದೇ ಕಥೆ, ಹಿಂದೆ ಬರೋದು. ಶ್ರೀಲಂಕಾದಲ್ಲಿ ಇದನ್ನ ಸಾಕಿ ಚೀಲದಲ್ಲಿ ತುಂಬಿಸಿ ತೆಂಗಿನ ತೋಟಕ್ಕೆ ಬಿಡೋ ಕೆಲಸವೂ ನಡೆದಿದೆ.

ಈಗ ನನ್ನ ಬದು ವಿಷಯಕ್ಕೆ ಬರ್ತೀನಿ. ನನಗೂ ಚಿಕ್ಕಪ್ಪನ ಮಗನಿಗೂ ಮಧ್ಯೆ ಇರೋ ಬದು ಸುಮಾರು ಮುನ್ನೂರು ಅಡಿ. ಹೊಂಗೆ, ಹರಳು, ತುಂಬೆ, ಕಾಡು ಅವರೆ ಬಳ್ಳಿ ಎಲ್ಲಾ ಬೆಳೆದಿದೆ. ಆ ಹರಳಿನ ಎಲೆ ಕೆಳಗೆ ಲೆನ್ಸ್ ಹಿಡಿದ್ರೆ ಓಡೋ ನುಸಿ ಬೇಸಿಗೆಯಲ್ಲೂ ಸಿಗ್ತವೆ. ನನ್ನ ಬೀನ್ಸ್‌ಗೆ ಮೊದಲು ಬಂದಿದ್ದು ಬದು ಪಕ್ಕದ ಸಾಲಿಗೇ. ಅವನು ತನ್ನ ಹೊಲನ ಈ ಸಲ ಶುಂಠಿಗೆ ಗುತ್ತಿಗೆ ಕೊಡ್ತಿದ್ದಾನೆ. ಗುತ್ತಿಗೆ ತಗೊಳ್ಳೋರು ಬದು ಸವರಿ ಕ್ಲೀನ್ ಮಾಡಿ ಕೊಡಿ ಅಂದಿದ್ದಾರೆ, ಟ್ರ್ಯಾಕ್ಟರ್ ತಿರುಗಬೇಕು, ಇಲಿ ಇರಬಾರದು ಅಂತ. ಅವನಿಗೂ ಮಗಳ ಕಾಲೇಜು ಫೀಸು ಇದೆ, ಗುತ್ತಿಗೆ ದುಡ್ಡು ಬಿಡು ಅಂತ ಹೇಳೋಕೆ ನಾನ್ಯಾರು.

ಅವನಿಗೆ ಲೆನ್ಸಲ್ಲಿ ತೋರಿಸಿದೆ. ಅವನು ಚುರುಕು, ಪಕ್ಕದಲ್ಲೇ ಇದ್ದ ಕೆಂಪು ನುಸಿಯನ್ನೂ ಕಂಡ. "ಅಣ್ಣ, ಇಲ್ಲೇ ಕೆಂಪಂದೂ ಅದಲ್ಲ! ಪೊಲೀಸ್ ಬೇಕು ಅಂತ ಕಳ್ಳನ್ನೂ ಸಾಕ್ತಿದ್ದೀಯ ನೀನು" ಅಂದ. ಹೌದು ಕಣೋ ಅಂದೆ. ಹರಳಿಗೆ ಕೆಂಪು ನುಸಿ ಬೀಳುತ್ತೆ, ಅದನ್ನ ಮುಚ್ಚಿಟ್ಟು ಪ್ರಯೋಜನ ಇಲ್ಲ. ಒಂದೆರಡು ಕಳ್ಳರಿಲ್ಲದ ಊರಲ್ಲಿ ಈ ಪೊಲೀಸ್ ಉಪವಾಸ ಸಾಯುತ್ತೆ, ಆಮೇಲೆ ಕಳ್ಳ ಬಂದಾಗ ಕರೆಯೋಕೆ ಯಾರೂ ಇರಲ್ಲ ಅಂದೆ. ಅವನು ನಕ್ಕ. ಒಪ್ಪಿದ ಅಂತ ಹೇಳಲಾರೆ.

ಮೊನ್ನೆ ಇಬ್ಬರೂ ಬದು ಮೇಲೆ ನಡೆದು ಹೆಜ್ಜೆ ಲೆಕ್ಕ ಹಾಕಿದ್ವಿ. ಹೊಂಗೆ ಮರದಿಂದ ನನ್ನ ಬೋರಿನ ತನಕ, ನೂರಿಪ್ಪತ್ತು ಅಡಿಯಷ್ಟು ಬಿಡ್ತೀನಿ ಅಂದಿದ್ದಾನೆ. ಉಳಿದದ್ದು ಹೋಗುತ್ತೆ. ಜೆಸಿಬಿ ಸೋಮವಾರ ಬರೋದು. ಹೋಗೋ ಭಾಗದಲ್ಲಿರೋ ಹರಳು ಗಿಡಗಳನ್ನ ಭಾನುವಾರ ಬೆಳಗ್ಗೆ ಬಿಸಿಲೇರೋ ಮುಂಚೆ ನಾನೇ ಕಡೀತೀನಿ. ಎಲೆ ಸಮೇತ ಕೊಂಬೆಗಳನ್ನ ಬದನೆ ಸಾಲಿನ ಬುಡಕ್ಕೆ ಒರಗಿಸಿ ಇಡೋದು, ಎಲೆ ಬಾಡಿದಂತೆ ಓಡೋ ನುಸಿಗಳು ಇಳಿದು ಬದನೆ ಹತ್ತುತ್ತವೆ. ನನಗೆ ಬೇಕಾದ್ದಕ್ಕಿಂತ ಹೆಚ್ಚೇ ಕೊಂಬೆ ಇರ್ತವೆ. ಬದನೆ, ಚೆಂಡು ಹೂವಿಗೆ ನುಸಿ ಬಿದ್ದಿದೆ ಅಂತ ಫೋಟೋ ಕಳಿಸಿದವರು ಏಳು ಗಂಟೆ ಒಳಗೆ ಒಂದು ಗೋಣಿಚೀಲ ನೆನೆಸ್ಕೊಂಡು ಬನ್ನಿ, ಕೊಂಬೆ ಅದರಲ್ಲಿ ಸುತ್ತಿಕೊಂಡು ಹೋಗಬಹುದು. ಒಂದೊಂದು ಕೊಂಬೆಯನ್ನೂ ಲೆನ್ಸಲ್ಲಿ ನೋಡಿಯೇ ಕೊಡ್ತೀನಿ. ಬರೀ ಕೆಂಪು ನುಸಿ ತುಂಬಿದ್ದರೆ ಅದನ್ನ ಇಲ್ಲೇ ಒಲೆಗೆ ಹಾಕೋದು. ಕಳೆದ ಹದಿನೈದು ದಿನದಲ್ಲಿ ಸೈಪರ್ಮೆಥ್ರಿನ್ ಥರದ್ದು ಹೊಡೆದಿರೋರು ಈ ಸಲ ತಗೊಳ್ಳಬೇಡಿ, ಎಲೆ ಮೇಲಿನ ಔಷಧಿಗೆ ಅವು ಉಳಿಯಲ್ಲ.